ಮೂರನೇ ಶೆಡ್ಡಿನ ಬೋರ್ಡು

ಮತ್ತೆ ಬಂತು, ಪರದೆಯ ಮೇಲೆ ಇನ್ನೊಂದು ಸಾಲು, ಮನೆಮಾತಿನಲ್ಲಿ ಆನು ಬಂದೆ, ನಾನು ಬಂದೆ ಅಂತ, ಅದರ ಕೆಳಗೆ ಸಾಕೆಟ್ ಕ್ಲೋಸ್ಡ್, ಸಂಪರ್ಕ ಕಡಿಯಿತು ಅಂತ, ಪುನಃ ಆನು ಬಂದೆ, ಬಂದವನು ಒಂದು ಗಳಿಗೆ ಕೂರಬಾರದೇ ಮಾರಾಯ ಎಂದು ವೇದಾ ಮೌಸು ಬಿಟ್ಟು ಕೈಕಟ್ಟಿ ಕೂತಳು. ಅಣಬೆ ಶೆಡ್ಡುಗಳಲ್ಲಿ ಸೆಕೆ ಅಳೆದು ಫ್ಯಾನು ತಿರುಗಿಸುವ ಉಳಿದ ಬೋರ್ಡುಗಳು ಸಂಭಾವಿತರು, ಒಂದನೇ ಶೆಡ್ ಸಿದ್ಧ, ಎರಡನೇ ಶೆಡ್ ಸಿದ್ಧ ಎಂದು ವರದಿ ಒಪ್ಪಿಸಿ ತಣ್ಣಗಿದ್ದವು, ಮೂರನೇ ಶೆಡ್ಡಿನ ಇದೊಂದಕ್ಕೆ ಮಾತ್ರ ಗಂಡ ನಾಗಪತಿ ಬೇಕೆಂದೇ ಹಾಗೆ ಬರೆದಿದ್ದ, ಶಿರಸಿಗೆ ಅಣಬೆ ಕೊಟ್ಟು ಎಕ್ಕಂಬಿಗೆ ಮರಳಿದವನು ಅಂಗಳದಲ್ಲಿ ಬೈಕು ನಿಲ್ಲಿಸುವ ಮೊದಲೇ, ಆನು ಬಂದೆ, ಚಾ ಇದ್ದಾ — ಊರಿಗೆಲ್ಲ ಕೇಳೋ ಹಾಂಗೆ ಎಂತಕ್ಕೆ ಕೂಗದು ಎಂದು ಅವಳು ಬೈಯುತ್ತಿದ್ದಳು, ಈಗ ಬೈಯಲು ಯಾರಿದ್ದಾರೆ, ಮಾಘದಲ್ಲಿ ಎದೆ ಹಿಡಿದುಕೊಂಡು ಕೂತ ಗಂಡ ಏಳಲೇ ಇಲ್ಲ. ಆಮೇಲೆ ಹಳೆಯ ಕಂಪ್ಯೂಟರೂ ಕೈಕೊಟ್ಟಿತು, ಹೋದ ವಾರ ಯಲ್ಲಾಪುರದಿಂದ ಮೈದುನ ಸುಹಾಸ ಹೊಸದನ್ನು ತಂದು ಜೋಡಿಸಿದಂದಿನಿಂದ ಈ ರಗಳೆ, ಬರುವುದು, ಕಡಿದುಹೋಗುವುದು, ಕಡಿದಾಗಲೆಲ್ಲ ಫ್ಯಾನು ನಿಲ್ಲುವುದು, ವೈರು ಬದಲಿಸಿದಳು, ವೈಫೈ ಡಬ್ಬಿಯನ್ನು ಕಿಟಕಿಗೆ ಕಟ್ಟಿದಳು, ವೇದಕ್ಕಾ ಮೂರ್ನೇ ಶೆಡ್ಡಲ್ಲಿ ಸೆಕೆ ಸಿಕ್ಕಾಪಟ್ಟೆ, ಅಣಬೆ ಬಾಡ್ತಾ ಅದೆ, ಕೆಲಸದ ಗೀತಾ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ, ಇವತ್ತೂ ಹೀಗೇ ಹೋದರೆ ಫಸಲು ಪೂರ್ತಿ ಗೊಬ್ಬರಗುಂಡಿಗೆ. ಬೆಳಿಗ್ಗೆ ಫೋನಿನಲ್ಲಿ ಸುಹಾಸ ನಕ್ಕಿದ್ದ, ನಂದೇ ತಪ್ಪು ಅತ್ತಿಗೆ, ಅಣ್ಣನ ಬೋರ್ಡು ನಿಧಾನಕ್ಕೆ ಮಾತಾಡ್ತು, ಅಷ್ಟೊತ್ತು ಕಾಯಲೆ ಹೊಸ ಕಂಪ್ಯೂಟರಿಗೆ ತಾಳ್ಮೆ ಇಲ್ಲೆ, ಲೈನ್ ಕಟ್ ಮಾಡ್ತು, ಕಾಯ ಟೈಮು ಹೆಚ್ಚು ಮಾಡಿರೆ ಆತು, ಒಂದೇ ಸಾಲು.

ಆ ಒಂದೇ ಸಾಲಿನ ಮುಂದೆ ಆಗಿನಿಂದ ಕೂತಿದ್ದಾಳೆ, ತಿದ್ದಲು ಗೊತ್ತಿಲ್ಲದೆ ಅಲ್ಲ, ತಿದ್ದಿದರೆ ಅವನು ಒಮ್ಮೆ ಬಂದೆ ಎನ್ನುತ್ತಾನೆ, ಆಮೇಲೆ ಸಂಪರ್ಕ ಕಡಿಯುವುದಿಲ್ಲ, ಕಡಿಯದಿದ್ದರೆ ಮತ್ತೆ ಬರುವ ಮಾತೂ ಇಲ್ಲ, ಬರೀ ಸೆಕೆ ಎಷ್ಟು ತೇವ ಎಷ್ಟು ಎಂಬ ಅಂಕಿಗಳು, ಈ ಒಂದು ವಾರ ಮನೆಯಲ್ಲಿ ಯಾರೋ ಇದ್ದ ಹಾಗಿತ್ತು, ಅವಳಿಗೆ ಅದು ಬೇಕಾಗಿತ್ತು — ಅಕ್ಕಾ ಎಂತ ಮಾಡ್ಲಿ ಹೇಳಿ, ಇರು ಗೀತಾ, ಇರು — ತಿದ್ದಿದಳು, ಸರ್ವರನ್ನು ಹೊಸದಾಗಿ ಚಾಲೂ ಮಾಡಿದಳು, ಪರದೆ ಬರಿದಾಯಿತು, ಶೆಡ್ಡಿನ ಕಡೆಯಿಂದ ಫ್ಯಾನಿನ ಸದ್ದು ಎದ್ದಿತು, ನಿಲ್ಲಲಿಲ್ಲ, ಗೀತಾ ಬುಟ್ಟಿಯೊಂದಿಗೆ ಓಡಿದಳು, ಪರದೆಯಲ್ಲಿ ಒಂದೇ ಒಂದು, ಆನು ಬಂದೆ, ಅದರ ಕೆಳಗೆ ಅಂಕಿ, ಅಂಕಿ, ಮತ್ತೊಂದು ಅಂಕಿ, ಪ್ರತಿಯೊಂದೂ ಅದನ್ನು ಒಂದು ಸಾಲು ಮೇಲಕ್ಕೆ ತಳ್ಳುತ್ತ, ಈಗ ಪರದೆಯ ಅಂಚಿನಲ್ಲಿ, ಇನ್ನೊಂದು ಅಂಕಿ ಬಂದರೆ ಆಚೆ, ಆನು ಬಂದೆ —