ಎರಡು ಕಾಲಿನ ಮೇಜುಗಳು

ಈ ಕಥೆಯನ್ನು ಮೊದಲು ಹೇಳಿದವರು ಒಂದು ಶಾಲೆಯಲ್ಲಿ ಕೋಣೆ ಗುಡಿಸಿ, ಗಂಟೆ ಬಾರಿಸಿ ನಿವೃತ್ತರಾದ ಆಯಾ. ಕೆಲಸ ಬಿಟ್ಟ ವರ್ಷ, ಬೇಸಿಗೆ ರಜೆಯ ಒಂದು ಸಂಜೆ, ಆ ಶಾಲೆಯ ಜಗಲಿಯಲ್ಲಿ ನೆರೆದವರಿಗೆ. ಅಂದು ಅಲ್ಲಿದ್ದ ಇಬ್ಬರು ನನಗೆ ಹೇಳಿದಂತೆ ಬರೆದಿದ್ದೇನೆ.

ಮಕ್ಕಳು ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತ ಕೂರುವುದು ಅಲ್ಲಿಯ ಟೀಚರಿಗೆ ಹಿಡಿಸುತ್ತಿರಲಿಲ್ಲ. ಮುಖ ನೋಡಿಕೊಂಡು ಕಲಿಯಲಿ ಎಂದು ಹಳೆಯ ಬೆಂಚುಗಳನ್ನೆಲ್ಲ ಒಡೆಸಿ, ಅದೇ ಮರದಲ್ಲಿ ಮೇಜು ಮಾಡಿಕೊಡಲು ಬಡಗಿಯಾದ ತಮ್ಮ ಅಣ್ಣನಿಗೆ ಹೇಳಿದರು. ಮರ ಸಾಲಲಿಲ್ಲ. ಆತ ಪ್ರತಿ ಮೇಜಿಗೂ ಎರಡೇ ಕಾಲು ಕೊಟ್ಟು, ಇನ್ನೊಂದು ಅಂಚನ್ನು ಪಕ್ಕದ ಮೇಜಿಗೆ ಕೊಂಡಿಯಿಂದ ಸಿಕ್ಕಿಸಿದ. ಒಂದರ ಆಸರೆಯಲ್ಲಿ ಇನ್ನೊಂದು ನಿಂತು, ಕೋಣೆಯ ನಡುವೆ ದೊಡ್ಡದೊಂದು ಬಳೆಯಾಯಿತು.

"ಇವಕ್ಕೆ ಮುನಿಸಿಕೊಂಡು ಹೋಗೋಕೆ ಬರಲ್ಲ ಕಣಮ್ಮ," ಎಂದು ನಕ್ಕ ಬಡಗಿ. "ಹೋದ್ರೆ ಬೀಳುತ್ವೆ."

ಶಾಲೆಯ ಕಿರುಪರೀಕ್ಷೆಗಳನ್ನೂ ಮಕ್ಕಳು ಆ ಬಳೆಯ ಸುತ್ತಲೇ ಸ್ಟೂಲುಗಳ ಮೇಲೆ ಕುಳಿತು ಬರೆದರು. ಅದನ್ನು ಬಿಡಿಸಬೇಕಾದ ದಿನವೊಂದು ಬಂದೀತೆಂದು ಯಾರಿಗೂ ಹೊಳೆಯಲಿಲ್ಲ.

ದೊಡ್ಡ ಪರೀಕ್ಷೆಯ ಮೊದಲ ದಿನವೇ ಗಣಿತ, ಅಂದು ಹೊರಗಿನಿಂದ ಮೇಲ್ವಿಚಾರಕರು ಬಂದರು. ಬಡಗಿಯ ಮಗಳಿಗೆ ಅದು ಕೊನೆಯ ಅವಕಾಶ. ಗಣಿತದಲ್ಲಿ ಒಮ್ಮೆ ಬಿದ್ದಿದ್ದಳು, ಮತ್ತೆ ಬಿದ್ದರೆ ಮೇಲಿನ ಶಾಲೆಯ ಬಾಗಿಲು ಮುಚ್ಚಿದಂತೆಯೇ. ಕೂತಲ್ಲಿ ಕಾಲು ನಿಲ್ಲದ ಅವಳನ್ನು ಎಲ್ಲರೂ ತಕಧಿಮಿ ಎನ್ನುತ್ತಿದ್ದರು.

"ಮೇಜು ಬಿಡಿಸಿ. ಮಕ್ಕಳ ನಡುವೆ ಅಂತರ ಇರಬೇಕು," ಎಂದರು ಮೇಲ್ವಿಚಾರಕರು.

"ಬಿಡಿಸಿದ್ರೆ ನಿಲ್ಲಲ್ಲ ಸಾರ್," ಎಂದರು ಟೀಚರು.

"ಎಷ್ಟೋ ಶಾಲೆ ನೋಡಿದೀನಿ ಮೇಡಂ. ನಿಲ್ಲದ ಮೇಜು ಎಲ್ಲೂ ನೋಡಿಲ್ಲ."

ತಾವೇ ಕೊಂಡಿ ಕಳಚಿದರು. ಮೇಜು ಅವರ ಪಾದದ ಬಳಿ ಮಂಡಿಯೂರಿತು.

"ನೆಲದ ಮೇಲೆ ಕೂತು ಬರೀಲಾ ಸಾರ್?" ಎಂದಳು ತಕಧಿಮಿ.

"ನಿಯಮದಲ್ಲಿ ಮೇಜು ಅಂತಿದೆ."

ಪ್ರಶ್ನೆಪತ್ರಿಕೆಯ ಲಕೋಟೆ ಆಗಲೇ ಒಡೆದಿತ್ತು. ಬೇರೆ ದಾರಿಯಿಲ್ಲದೆ ಮಕ್ಕಳು ದೂರದೂರ ಕುಳಿತು, ಕಾಲಿಲ್ಲದ ಅಂಚನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಿಯಮದಂತೆ ಟೀಚರು ಹೊರಗೆ ಹೋಗಬೇಕಾಯಿತು. ಹೋಗುವಾಗ, "ಅಲ್ಲಾಡಬೇಡ್ವೇ," ಎಂದು ಅಣ್ಣನ ಮಗಳ ಕಡೆ ತಿರುಗಿ ಹೇಳಿದರು.

ತಕಧಿಮಿ ಅಲ್ಲಾಡಲಿಲ್ಲ. ಹುಟ್ಟಿದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನೆ ಕುಳಿತದ್ದು ಅದೇ ಮೊದಲು ಎಂದರು ಆಯಾ. ಕೊನೆಯ ಲೆಕ್ಕಕ್ಕೆ ಬರುವಾಗ ಕಾಲು ಜೋಮು ಹಿಡಿಯಿತು. ಅಂಚು ಮೆಲ್ಲಗೆ ಜಾರಿತು. ಅದರೊಂದಿಗೆ ಉತ್ತರದ ಹಾಳೆಗಳೂ ಜಾರಿದವು. ಪಕ್ಕದ ಹುಡುಗಿ ಅಭ್ಯಾಸಬಲದಿಂದ ಕೈ ಚಾಚಿದಳು.

"ಕೈ ತೆಗಿ. ಮುಟ್ಟಿದ್ರೆ ಇಬ್ಬರ ಪೇಪರೂ ರದ್ದು."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ತಕಧಿಮಿ ಎರಡೂ ಕೈಯಿಂದ ಮೇಜನ್ನು ಅವಚಿ ಹಿಡಿದಳು. ಹಿಡಿದರೆ ಬರೆಯುವಂತಿಲ್ಲ, ಬರೆದರೆ ಹಿಡಿಯುವಂತಿಲ್ಲ.

"ಸಾರ್," ಎಂದಳು, ಮೇಜನ್ನು ಬಿಡದೆ. "ನೀವು ಪರೀಕ್ಷೆ ಬರೀತಿಲ್ವಲ್ಲ. ನೀವು ಹಿಡ್ಕೊಂಡ್ರೆ ಕಾಪಿ ಆಗುತ್ತಾ?"

ಅದಕ್ಕೆ ಅಡ್ಡಬರುವ ನಿಯಮ ಯಾವುದೂ ಇರಲಿಲ್ಲ. ಮೇಲ್ವಿಚಾರಕರು ಬಗ್ಗಿ ಅಂಚಿಗೆ ಕೈಕೊಟ್ಟರು.

ಆಗ ಶುರುವಾಯಿತು ಅವರ ಫಜೀತಿ. ಹಾಳೆ ಮೂಗಿನ ನೇರಕ್ಕೇ ಇತ್ತು. ಹುಡುಗಿ ಭಾಗಿಸಬೇಕಾದಲ್ಲಿ ಗುಣಿಸುತ್ತಿದ್ದಳು. ಅವರ ತುಟಿ ಅಲುಗಿದ್ದನ್ನು ಕಿಟಕಿಯಾಚೆಯಿಂದ ಆಯಾ ಕಂಡರು. ಅವಳನ್ನು ಎಚ್ಚರಿಸಲು ಒಂದು ಕೆಮ್ಮು ಸಾಕಿತ್ತು. ಅವರು ಕೆಮ್ಮಲಿಲ್ಲ, ಹಲ್ಲು ಕಚ್ಚಿ ಮುಖವನ್ನು ಗೋಡೆಗೆ ತಿರುಗಿಸಿದರು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಬರೆದದ್ದನ್ನು ಪರಪರ ಹೊಡೆದುಹಾಕುವ ಸದ್ದು ಕೇಳಿಸಿತು, ಆಮೇಲೆ ಪೆನ್ನು ಓಡುವ ಸದ್ದು. ಆದರೂ ಅವರು ತಿರುಗಲಿಲ್ಲ.

ಗಂಟೆಯಾಯಿತು.

"ಈಗ ಬಿಡಲೇನಮ್ಮ?" ಎಂದು ಗೋಡೆಯನ್ನೇ ಕೇಳಿದರು.

"ತಾಳಿ ಸಾರ್, ಪೇಪರ್ ತೆಗೀತೀನಿ."

ಕಥೆ ಮುಗಿದಾಗ ಜಗಲಿಯಲ್ಲಿ ಯಾರೋ, "ಹುಡುಗಿ ಪಾಸಾದ್ಳಾ?" ಎಂದರು.

"ಗಣಿತದಲ್ಲಿ ದಡ ಮುಟ್ಟಿದ್ಳು, ಅಷ್ಟೇ," ಎಂದರು ಆಯಾ.

"ಆ ಸಾರು ಮೇಲಿನವರಿಗೆ ಏನಂತ ಬರೆದ್ರೋ?"

"ಅದನ್ನ ಅವರನ್ನೇ ಕೇಳ್ರಪ್ಪ," ಎಂದು ಆಯಾ ಸೆರಗು ಕೊಡವಿದರು. ಕುಳಿತವರು ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಹುಡುಕಿ, ಮನೆಯ ದಾರಿ ಹಿಡಿದರು.