ಹತ್ತೊಂಬತ್ತನೆಯ ದಿನ

ಸುಳ್ಳು ಹೇಳಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೇಳಿದಾಗ ಯಾರೂ ನಂಬಲಿಲ್ಲ, ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು.

ಕಮಲಾಪುರದಲ್ಲಿ ನನ್ನ ಬಾಳೆತೋಟ, ಅಣವೀರಪ್ಪನ ಬಾಳೆತೋಟ ಒಂದಕ್ಕೊಂದು ಹತ್ತಿಕೊಂಡಿದ್ದವು. ಬಾವಿ ನನ್ನ ಹೊಲದಲ್ಲಿತ್ತು. ಅದನ್ನು ತೋಡುವಾಗ ಅವನ ಅಪ್ಪ ಎರಡು ಬೇಸಿಗೆ ನನ್ನ ಅಪ್ಪನ ಜೊತೆ ಕಲ್ಲು ಒಡೆದಿದ್ದ. ವಾರದಲ್ಲಿ ಮೂರು ದಿನ ನೀರು ನಿನ್ನದು ಎಂದು ನನ್ನ ಅಪ್ಪ ಮಾತು ಕೊಟ್ಟಿದ್ದ. ಆಗ ನಾನು ಅಲ್ಲೇ ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ, ಕಿವಿಯಾರೆ ಕೇಳಿದ್ದೆ. ಕಾಗದವೇನೂ ಆಗಲಿಲ್ಲ. ಮುದುಕರಿಬ್ಬರೂ ಹೋದರು. ನಿಜಾಮನ ಸರಕಾರದ ಲೆಕ್ಕದಲ್ಲಿ ಫಸಲಿ ೧೩೩೧ನೇ ವರ್ಷದ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು. ಅಂಥ ಮಾತೇ ಆಗಿಲ್ಲ ಎಂದು ನಾನು ತಕರಾರು ತೆಗೆದೆ.

ಕಲಬುರಗಿಯ ಅದಾಲತ್ತಿಗೆ ಹೋದರೆ ನಮಗಿಬ್ಬರಿಗೂ ಓದಲು ಬಾರದ ಉರ್ದು ಕಾಗದ, ವರ್ಷಾನುಗಟ್ಟಲೆ ಅಲೆದಾಟ. ಅದಕ್ಕೆ ಊರಿನ ಕಂದಾಯ ನೋಡುವ ಮಾಲಿಪಾಟೀಲ ಜಗದೇವಪ್ಪ ಗುಡಿಯ ದಾರಿ ತೋರಿಸಿದ. ಇಬ್ಬರೂ ಒದ್ದೆ ಬಟ್ಟೆಯಲ್ಲಿ ಕಲ್ಲಿನ ಬಸವಣ್ಣನ ಬೆನ್ನ ಮೇಲೆ ಕೈಯಿಟ್ಟು ತಮ್ಮ ತಮ್ಮ ಮಾತು ಹೇಳಬೇಕು. ಇಪ್ಪತ್ತೊಂದು ದಿನದ ಗಡುವು. ಅಷ್ಟರೊಳಗೆ ಯಾರ ಮನೆಯಲ್ಲಿ ಕೇಡಾಗುತ್ತದೋ ಅವರ ಮಾತು ಸುಳ್ಳು.

ನಾನು ಕೈಯಿಟ್ಟೆ. ಹೆದರಿಕೆ ಇರಲಿಲ್ಲ ಅಂತಲ್ಲ. ಆ ದಿನಗಳಲ್ಲಿ ಹೊಸ್ತಿಲು ದಾಟುವಾಗ ಮೂರು ಸಲ ನೆಲ ನೋಡುತ್ತಿದ್ದೆ. ಹೊಟ್ಟೆ ಗುಡುಗುಟ್ಟಿದರೆ ಮುಗಿಯಿತು ನನ್ನ ಕಥೆ ಅನ್ನಿಸುತ್ತಿತ್ತು. ಹೆಂಡತಿ ತೀರಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದವನು ನಾನೊಬ್ಬನೇ, ದೇವರಿಗೆ ಗುರಿ ತಪ್ಪಲು ದಾರಿಯೇ ಇರಲಿಲ್ಲ.

ಹತ್ತೊಂಬತ್ತನೆಯ ದಿನ ಅಣವೀರಪ್ಪನ ಮಗಳು ಈರಮ್ಮನಿಗೆ ತೋಟದಲ್ಲಿ ಹಾವು ಕಡಿಯಿತು. ಒಂಬತ್ತು ವರ್ಷದ ಹುಡುಗಿ, ಊಟಕ್ಕೆ ಎಲೆ ಕೊಯ್ಯಲು ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಊರಿಗೆ ಅಳುವೂ ಬಂತು, ನೆಮ್ಮದಿಯೂ ಆಯಿತು. ನ್ಯಾಯ ತೀರಿತಲ್ಲ. ಸುಳ್ಳು ಅಪ್ಪನದೇ ಅಂತ ಇಟ್ಟುಕೊಳ್ಳೋಣ, ಮಗಳು ಏನು ಮಾಡಿದ್ದಳು? ಇಷ್ಟು ಸಣ್ಣ ಪ್ರಶ್ನೆ ಒಬ್ಬರಾದರೂ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕೇಳಬೇಕಾದ ನಾನಂತೂ ಬಾಯಿ ಹೊಲಿದುಕೊಂಡು ಕೂತಿದ್ದೆ.

ಮಣ್ಣು ಕೊಟ್ಟ ಐದನೆಯ ದಿನ ಅಣವೀರಪ್ಪ ಬಂದು ನನ್ನ ಕಾಲು ಹಿಡಿದ.

“ಅಣ್ಣಾ, ಆ ಮಾತು ನಾ ಕಿವಿಲಿ ಕೇಳಿದ್ದಿಲ್ಲ. ನಮ್ಮಪ್ಪ ಹೇಳಿದ್ದು ನಂಬಿ ದೇವರ ಮ್ಯಾಲ ಕೈ ಇಟ್ಟೆ. ತಪ್ಪಾಯ್ತು.”

ಆಗಲೇ ಹೇಳಬೇಕಿತ್ತು. ಹೇಳದೆ ಅವನನ್ನು ಹಿಡಿದೆತ್ತಿ ಕಳಿಸಿದೆ. ಅವನು ಹೋದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೀರು ತಗೋ ಎಂದು ಎಷ್ಟು ಸಲ ಕರೆದರೂ ಅವನು ಬಾವಿಯ ಹತ್ತಿರ ಸುಳಿಯಲಿಲ್ಲ. ಅವನ ಬಾಳೆ ನಿಂತಲ್ಲೇ ಒಣಗಿತು.

ನಾಲ್ಕು ತಿಂಗಳು ತಡೆದೆ. ಆಮೇಲೆ ಚಾವಡಿಗೆ ಹೋಗಿ ಹಿರಿಯರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಜಗದೇವಪ್ಪ ಎದ್ದು ಬಂದು ನನ್ನ ಬೆನ್ನು ಸವರಿದ. ನಮ್ಮ ಈ ಗುರುಲಿಂಗಪ್ಪನ ಕರುಳು ಭಾಳ ಮೆತ್ತಗೆ, ಮಗಳನ್ನು ಕಳಕೊಂಡವರ ಸಂಕಟ ನೋಡಲಾರದೆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಅಂದ. ನಾನೇ ಸುಳ್ಳ ಎಂದು ಕೂಗಿದೆ. ಹಾಗಾದರೆ ದೇವರು ಸುಳ್ಳೇನು ಅಂದರು. ಅವತ್ತಿನಿಂದ ನನ್ನ ಹೆಸರು ಊರಲ್ಲಿ ಇನ್ನೂ ಮೇಲೇರಿತು. ದಾರಿಯಲ್ಲಿ ಕಂಡವರು ಕೈಮುಗಿಯತೊಡಗಿದರು.

ತಡೆಯಲಾಗದೆ ತೋಟ ಬಿಟ್ಟು ಕಲಬುರಗಿಗೆ ಬಂದೆ. ಗಾಜಿಪುರದಲ್ಲಿ ಒಂದು ಕೋಣೆ ಹಿಡಿದೆ, ಗಂಜಿನ ಧಾನ್ಯಪೇಟೆಯಲ್ಲಿ ಜೋಳದ ಚೀಲ ಹೊರುವ ಹಮಾಲಿಗೆ ಸೇರಿದೆ. ದಿನವಿಡೀ ನೂರು ಜನರ ನಡುವೆ ಇರುತ್ತಿದ್ದೆ. ಆದರೂ ನನಗೆ ಗೊತ್ತಿದ್ದದ್ದು ಮತ್ತೊಬ್ಬರಿಗೆ ಗೊತ್ತಿರಲಿಲ್ಲ, ಹೇಳಿದರೂ ಗೊತ್ತಾಗುತ್ತಿರಲಿಲ್ಲ. ಆ ಒಂಟಿತನಕ್ಕೆ ಬೇಸತ್ತು, ನನಗೂ ಏನಾದರೂ ಆಗಲಿ ಎಂದು ಬೇಡಿಕೊಂಡೆ. ಒಂದು ಜ್ವರ ಸಹ ಬರಲಿಲ್ಲ. ಚೀಲ ಹೊತ್ತು ಹೊತ್ತು ಮೈ ಮತ್ತೂ ಗಟ್ಟಿಯಾಯಿತು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಣವೀರಪ್ಪ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಗುರುತು ಸಿಗದಷ್ಟು ಇಳಿದಿದ್ದ. ಒಳಗೆ ಬಂದು ಕೂತು, ಚಾವಡಿಯಲ್ಲಿ ನೀನು ಹೇಳಿದ್ದು ನಿಜವೇ ಎಂದು ಕೇಳಿದ. ನಿಜ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ನಂಬಿದ. ಕೊನೆಗೂ ಒಬ್ಬ ನಂಬಿದನಲ್ಲ ಎಂದು ನನಗೆ ಅಳು ಬಂತು. ಹೊಡೆಯಲಿ, ಉಗಿಯಲಿ ಎಂದು ಮುಖ ಒಡ್ಡಿಕೊಂಡೇ ಕೂತೆ. ಅವನು ಕೈ ಎತ್ತಲಿಲ್ಲ.

“ಇದು ಭಾಗಮ್ಮಗ ಗೊತ್ತಾಗಬಾರದಣ್ಣಾ,” ಅಂದ.

ಭಾಗಮ್ಮ ಅವನ ಹೆಂಡತಿ. ಮಗಳು ಹೋದಂದಿನಿಂದ ಅವಳು ಗಂಡನನ್ನು ದಿನಾ ಬೈಯುತ್ತಿದ್ದಳಂತೆ. ಬೈದು, ಅತ್ತು, ಆಮೇಲೆ ಎದ್ದು ರೊಟ್ಟಿ ತಟ್ಟುತ್ತಿದ್ದಳಂತೆ. ಚಾವಡಿಯ ಮಾತು ಕಿವಿಗೆ ಬಿದ್ದ ಮೇಲೆ ಬೈಗುಳ ನಿಂತಿತು. ಊರು ನಂಬದಿದ್ದರೂ ಅವಳಿಗೆ ಅನುಮಾನ ಹತ್ತಿತ್ತು. ದೇವರ ಮುಂದೆ ದೀಪ ಹಚ್ಚುವುದು ಬಿಟ್ಟಳು, ಮಾತು ಬಿಟ್ಟಳು, ಈಗ ಅನ್ನವನ್ನೂ ಬಿಡುತ್ತ ಬಂದಿದ್ದಳು. ಒಲೆಯ ಮುಂದೆ ಸುಮ್ಮನೆ ಕೂತಿರುತ್ತಾಳೆ, ಹೀಗೇ ಆದರೆ ಉಳಿಯುವುದಿಲ್ಲ ಅಂದ. ನಾನು ಊರಿಗೆ ಬಂದು, ಗುಡಿಯಲ್ಲಿ ಆಡಿದ ಮಾತೇ ಖರೆ ಎಂದು ಅವಳ ಮುಂದೆ ಹೇಳಬೇಕಂತೆ.

ನನಗೆ ಸಿಟ್ಟು ಬಂತು. ಮಾಡದ ತಪ್ಪು ಹೊತ್ತುಕೊಂಡು ಸಾಯುತ್ತೀಯಾ ಎಂದು ಕೇಳಿದೆ.

“ನನ್ನ ತಪ್ಪಿಗಿ ಹೋದಳಂದ್ರ ದಿನಾ ಅಕಿ ಮಣ್ಣಿನ ಮುಂದ ಕುಂತು ತಪ್ಪಾಯ್ತವ್ವಾ ಅಂತೀನಿ,” ಅಂದ. “ಸುಮ್ಮನ ಹೋದಳಂದ್ರ ನಾ ಅಕಿಗಿ ಏನು ಹೇಳ್ಲಿ?”

ಮರುದಿನ ಅವನ ಬಂಡಿಯಲ್ಲೇ ಕಮಲಾಪುರಕ್ಕೆ ಹೋದೆ.

ಭಾಗಮ್ಮ ಒಲೆಯ ಮುಂದೆಯೇ ಇದ್ದಳು. ನಾನು ಕೊರಳಿನ ಲಿಂಗ ಹಿಡಿದು, ಬಸವಣ್ಣನ ಮುಂದೆ ಹೇಳಿದ್ದೇ ಖರೆ, ಚಾವಡಿಯಲ್ಲಿ ಹೇಳಿದ್ದು ಸುಳ್ಳು ಎಂದೆ. ಹಾಗಾದರೆ ಅವತ್ತು ಹಾಗೆ ಯಾಕೆ ಅಂದೆ ಎಂದು ಕೇಳಿದಳು. ತಿಂಗಳುಗಳ ಮೇಲೆ ಅವಳು ಆಡಿದ ಮೊದಲ ಮಾತು ಅದು.

“ನಿಮ್ಮ ದುಃಖ ನೋಡ್ಲಾಕ ಆಗ್ಲಿಲ್ಲ, ಯವ್ವಾ.”

ಅವಳು ಗಂಡನ ಕಡೆ ತಿರುಗಿದಳು.

“ನಿನ್ನ ಸಲುವಾಗಿ ಹೋದಳು ಅಕಿ.”

“ಹೌದು,” ಅಂದ ಅಣವೀರಪ್ಪ.

ಅವಳು ಬೈಯತೊಡಗಿದಳು. ದನಿ ಮೊದಲು ಕೀರಲಾಗಿತ್ತು, ಆಮೇಲೆ ಗಟ್ಟಿಯಾಯಿತು. ನಡುನಡುವೆ ಅತ್ತಳು, ಅಳುತ್ತಲೇ ರೊಟ್ಟಿಯ ಹಿಟ್ಟು ನಾದುವ ಮರಿಗೆ ಎಳೆದುಕೊಂಡಳು. ಅವನು ತಲೆ ತಗ್ಗಿಸಿ ನಿಂತು ಒಂದೊಂದು ಬೈಗುಳಕ್ಕೂ ಹೌದು ಹೌದು ಅಂದ. ಅದೆಲ್ಲ ನನ್ನ ಪಾಲಿನದು. ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದೆ. ಒಂದು ಮಾತೂ ನನ್ನ ಕಡೆ ಬರಲಿಲ್ಲ.