ಹಸಿರು ಮುಚ್ಚಳ, ಕೆಂಪು ಮುಚ್ಚಳ

ಸೆನೆತಿಮಾ ಮೊದಲ ಸಲ ನಮ್ಮೂರಿಗೆ ಬಂದ ದಿನವೇ ನನಗೆ ಅವಳ ಮೇಲೆ ಅನುಮಾನ ಬಂದಿತ್ತು. ರಾಜಧಾನಿ ಆಪಿಯಾದಿಂದ ಹಡಗು ಹತ್ತಿ ನಮ್ಮ ಸವಾಯಿ ದ್ವೀಪಕ್ಕೆ ಬಂದ ಹುಡುಗಿ. ಕೈಯಲ್ಲಿ ಬಿಪಿ ನೋಡುವ ಯಂತ್ರ, ಕಂಕುಳಲ್ಲಿ ದಪ್ಪನೆಯ ಪುಸ್ತಕ. ಮಾತ್ರೆ ತಂದಿರಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ನಲವತ್ತು ಮನೆಗೂ ಹೋಗಿ, ಎಷ್ಟು ಉಪ್ಪು ತಿನ್ನುತ್ತೀರಿ, ವಾರಕ್ಕೆ ಎಷ್ಟು ಡಬ್ಬಿ ಮಾಂಸ ಒಡೆಯುತ್ತೀರಿ ಎಂದು ಕೇಳಿ, ತೋಳಿಗೆ ಪಟ್ಟಿ ಸುತ್ತಿ, ಅಂಕಿ ಬರೆದುಕೊಂಡು ಹೊರಟು ನಿಂತಳು.

"ಇದ್ರಿಂದ ನಮಗೇನು ಬಂತು?" ಎಂದೆ. ನಾನು ಮಹಿಳಾ ಸಮಿತಿಯ ಕಾರ್ಯದರ್ಶಿ. ಕೇಳುವ ಹಕ್ಕು ನನಗಿದೆ.

"ಇದ್ದದ್ದನ್ನ ಇದ್ದ ಹಾಗೆ ಬರ್ಕೊಳ್ಳೋದು ಅಷ್ಟೇ ಲಾಂಗಿ ಅಮ್ಮ. ಸದ್ಯಕ್ಕೆ ಏನೂ ಬದಲಾಯಿಸಲ್ಲ."

"ಏನೂ ಮುಟ್ಟದೆ ಮನೆ ಮನೆ ನೋಡ್ಕೊಂಡು ಹೋಗೋರು ಸಾಮಾನ್ಯವಾಗಿ ಕಳ್ಳರು."

ಅವಳು ನಕ್ಕಳು. ನಾನು ನಗಲಿಲ್ಲ. ಆ ಪುಸ್ತಕದಲ್ಲಿ ನನ್ನ ಅಣ್ಣ ತೋಫಿಂಗಾನ ಹೆಸರಿನ ಮುಂದೆ ನೂರ ಎಪ್ಪತ್ತೆಂಟು ಎಂದು ಬರೆದಿತ್ತು. ನಮ್ಮಪ್ಪ ಐವತ್ತೆರಡನೇ ವಯಸ್ಸಿಗೆ ಕೆಸುವಿನ ತೋಟದಲ್ಲಿ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಅಣ್ಣನಿಗೆ ಆಗ ಐವತ್ತು ತುಂಬುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ತಲೆ ತಿರುಗಿದ ದಿನ ನುಂಗುತ್ತಿದ್ದ, ಚೆನ್ನಾಗಿದ್ದ ದಿನ ಮರೆಯುತ್ತಿದ್ದ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಅವನ ಮನೆಯ ಪಕ್ಕದಲ್ಲೇ ಇದ್ದೆ. ನನಗಿರುವುದು ಅವನೊಬ್ಬನೇ.

ಮರುವರ್ಷ ಸೆನೆತಿಮಾ ಮತ್ತೆ ಬಂದಳು. ಪುಸ್ತಕದಲ್ಲಿ ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು. ಡಬ್ಬಿ ಮಾಂಸ ಹೆಚ್ಚು ತಿನ್ನುವ ಮನೆಗಳಲ್ಲಿ ಬಿಪಿಯೂ ಹೆಚ್ಚು.

"ಹಾಗಾದ್ರೆ ಮಾಂಸವೇ ಕೊಲ್ತಿದೆ ಅನ್ನು."

"ಹಾಗನ್ನೋಕಾಗಲ್ಲ ಅಮ್ಮ. ಎರಡೂ ಒಟ್ಟಿಗೆ ಏರ್ತಿದೆ ಅಂತ ಮಾತ್ರ ಹೇಳಬಹುದು. ಡಬ್ಬಿ ತಿನ್ನೋರೇ ಕೂತಲ್ಲೇ ಕೂತಿರೋರೂ ಇರಬಹುದಲ್ಲ?"

ಎರಡು ವರ್ಷ ನಮ್ಮ ತೋಳು ಹಿಂಡಿ, ಕೊನೆಗೆ ಏನೂ ಹೇಳಕ್ಕಾಗಲ್ಲ ಅನ್ನುತ್ತಾಳೆ! ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಎಂದುಕೊಂಡೆ. ಆಮೇಲಿನ ವರ್ಷ ಪಕ್ಕದೂರಿಗೆ ಬಿಪಿ ಇಳಿಸಬಹುದೆಂಬ ಯಾವುದೋ ಹೊಸ ಉಪ್ಪು ಕೊಟ್ಟು, ನಮಗೆ ಕೊಡದೆ, ಎರಡೂ ಊರನ್ನು ಹೋಲಿಸಿ ನೋಡಿದಳು. ಅಲ್ಲಿನವರ ಬಿಪಿ ಇಳಿಯಿತಂತೆ. ಆದರೆ ಆ ಊರಿನವರಿಗೆ ಮೀನು ಚೆನ್ನಾಗಿ ಸಿಗುತ್ತದೆ, ಆಸ್ಪತ್ರೆಯೂ ಹತ್ತಿರ. ಇಳಿದದ್ದು ಉಪ್ಪಿನಿಂದಲೋ ಮೀನಿನಿಂದಲೋ ಅಂತ ಅವಳಿಗೇ ಗೊತ್ತಿಲ್ಲ. ನನಗಂತೂ ಹೊಟ್ಟೆ ಉರಿದುಹೋಯಿತು. ಆ ಉಪ್ಪು ನನ್ನ ಅಣ್ಣನಿಗೆ ಯಾಕಿಲ್ಲ?

ನಾಲ್ಕನೇ ಸಲ ಉಪ್ಪು ಬಂತು. ಆದರೆ ಎಲ್ಲರಿಗೂ ಅಲ್ಲ.

ಸಮಿತಿಯ ಮನೆಯಲ್ಲಿ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದೆವು. ನಡುವೆ ಒಂದು ಬುಟ್ಟಿ, ಅದರೊಳಗೆ ಮಡಿಸಿದ ನಲವತ್ತು ಚೀಟಿ. ಇಪ್ಪತ್ತು ಮನೆಗೆ ಹಸಿರು ಮುಚ್ಚಳದ ಡಬ್ಬ, ಇಪ್ಪತ್ತಕ್ಕೆ ಕೆಂಪು ಮುಚ್ಚಳದ್ದು. ಒಂದರಲ್ಲಿ ಹೊಸ ಉಪ್ಪು, ಇನ್ನೊಂದರಲ್ಲಿ ಅಂಗಡಿ ಉಪ್ಪು. ಆರು ತಿಂಗಳು ಅದನ್ನೇ ತಿನ್ನಬೇಕು.

"ಯಾವುದು ಯಾವುದು?" ಎಂದೆ.

"ನನಗೂ ಗೊತ್ತಿಲ್ಲ ಅಮ್ಮ. ಆಪಿಯಾದಲ್ಲಿ ಲಕೋಟೆಯೊಳಗೆ ಮುಚ್ಚಿಟ್ಟಿದ್ದಾರೆ. ಚೀಟಿಗೆ ಬಡವರು, ಯಜಮಾನರು ಅಂತ ಭೇದ ಇಲ್ಲ. ಅದಕ್ಕೇ ಈ ಸಲದ ಉತ್ತರಾನ ನಂಬಬಹುದು."

ಭೇದ ಇಲ್ಲವಂತೆ! ಪಾದ್ರಿಯ ಮನೆಗೆ ಹಸಿರು ಬಂತು. ಊರ ಯಜಮಾನನ ಮನೆಗೆ ಹಸಿರು. ಅವನ ತಮ್ಮನಿಗೂ ಹಸಿರು. ಸಮಿತಿಯ ಕಾರ್ಯದರ್ಶಿಯಾದ ನನಗೂ ಹಸಿರು. ತೋಫಿಂಗಾನಿಗೆ ಕೆಂಪು. ನಾನೇನು ನಿನ್ನೆ ಹುಟ್ಟಿದವಳೇ? ದೊಡ್ಡವರ ಮನೆಗೆಲ್ಲ ಹೋದದ್ದೇ ಒಳ್ಳೆಯ ಉಪ್ಪು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮಾರನೆಯ ದಿನ ಅಣ್ಣ ತೋಟಕ್ಕೆ ಹೋಗಿದ್ದ. ಅತ್ತಿಗೆ ಪುವಾ ಚಾಪೆ ಹೆಣೆಯಲು ಹೋಗಿದ್ದಳು. ನಾನು ಅವರ ಅಡುಗೆಮನೆಗೆ ನುಗ್ಗಿ, ನನ್ನ ಹಸಿರು ಡಬ್ಬದ ಉಪ್ಪನ್ನು ಅವರ ಕೆಂಪು ಡಬ್ಬಕ್ಕೆ ಸುರಿದು, ಅವರದ್ದನ್ನು ನನ್ನದಕ್ಕೆ ತುಂಬಿಕೊಂಡೆ. ಮುಚ್ಚಳ ಮಾತ್ರ ಇದ್ದಂತೆಯೇ ಇತ್ತು. ಪ್ರತಿ ತಿಂಗಳು ಹೊಸ ಉಪ್ಪು ಬಂದಾಗಲೂ ಹಾಗೇ ಮಾಡಿದೆ. ಹೊರಗಿನ ಸಾರು ಅವನ ತಟ್ಟೆಗೆ ಬೀಳದಂತೆ ಅತ್ತಿಗೆಗೆ ತಾಕೀತು ಮಾಡಿ, ನಾನೂ ಹಾಗೇ ನಡೆದುಕೊಂಡೆ. ಯಾರಿಗೂ ಹೇಳಲಿಲ್ಲ. ಅಣ್ಣನಿಗಂತೂ ಹೇಳಲೇ ಇಲ್ಲ. ನಮ್ಮಲ್ಲಿ ಅಣ್ಣನಾದವನು ತಂಗಿ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ತಂಗಿಗಿಂತ ಒಳ್ಳೆಯದನ್ನು ತಾನು ಇಟ್ಟುಕೊಳ್ಳುವಂತೆಯೂ ಇಲ್ಲ. ಸುಮ್ಮನೆ ಅವನನ್ನು ಯಾಕೆ ಇಕ್ಕಟ್ಟಿಗೆ ಸಿಕ್ಕಿಸಲಿ? ಅವನ ಪಾಡಿಗೆ ಅವನು ಪ್ರತಿ ಶನಿವಾರ, ನಾನು ಚರ್ಚಿನಲ್ಲಿ ಹಾಡು ಕಲಿಯುತ್ತಿರುವಾಗ ಬಂದು, ಭಾನುವಾರದ ಊಟಕ್ಕೆಂದು ಕೆಸುವಿನ ಗೆಡ್ಡೆ, ಜೀಗುಜ್ಜೆ, ಸೌದೆ ಎಲ್ಲವನ್ನೂ ನನ್ನ ಅಡುಗೆಮನೆಯಲ್ಲಿಟ್ಟು ಹೋಗುತ್ತಿದ್ದ.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವನ ಬಲಗೈಯಿಂದ ಗುದ್ದಲಿ ಜಾರಿ ಬಿತ್ತು. ಬಾಯಿ ಸ್ವಲ್ಪ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದ. ಬಾಯಿ ಸರಿಹೋಯಿತು, ಕೈ ಸರಿಹೋಗಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಹಾಗಾದರೆ ಹಸಿರೇ ಕೆಟ್ಟದ್ದೇ? ನಾನೇ ನನ್ನ ಕೈಯಾರೆ ಅವನಿಗೆ ಕೆಟ್ಟದ್ದನ್ನು ಉಣಿಸಿದೆನೇ? ಯಾವುದು ಯಾವುದೆಂದು ತಿಳಿಯದೆ, ಕೊನೆಯ ತಿಂಗಳೂ ಮೊದಲಿನಂತೆಯೇ ಬದಲಾಯಿಸಿದೆ. ಸೆನೆತಿಮಾ ಬಂದರೆ ಸಾಕು ಎಂದು ದಾರಿ ಕಾಯತೊಡಗಿದೆ.

ಬಂದಳು, ಆರು ತಿಂಗಳಾದ ಮೇಲೆ. ಎಲ್ಲರ ಬಿಪಿ ನೋಡಿದಳು, ಮೂತ್ರದ ಸೀಸೆಗಳನ್ನು ಒಯ್ದಳು. ಮೂರು ವಾರ ಬಿಟ್ಟು ಮತ್ತೆ ಬಂದಾಗ ಅವಳ ಮುಖ ಬಾಡಿತ್ತು. ಮೊದಲು ನನ್ನ ಮನೆಗೇ ಬಂದು ಕೂತಳು.

"ಹಾಳಾಗಿ ಹೋಯ್ತು ಅಮ್ಮ. ಲಕೋಟೆ ಒಡೆದ್ರು. ಹಸಿರೇ ಹೊಸ ಉಪ್ಪು. ಆದ್ರೆ ಹಸಿರು ಮನೆಗೂ ಕೆಂಪು ಮನೆಗೂ ಏನೂ ವ್ಯತ್ಯಾಸ ಇಲ್ಲ. ಯಾವ ಉಪ್ಪು ತಿಂದಿದ್ದಾರೆ ಅಂತ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗತ್ತೆ. ಊರಲ್ಲಿ ಎಲ್ಲರೂ ಎರಡನ್ನೂ ತಿಂದಿದ್ದಾರೆ!"

"ಮತ್ತೆ? ಸಾರು ಮಾಡಿದೋರು ಪಕ್ಕದ ಮನೆಗೆ ಕೊಡಬಾರ್ದಾ? ಒಬ್ಬರೇ ಕೂತು ತಿನ್ನಕ್ಕೆ ನಾವೇನು ನಾಯಿಗಳಾ?"

"ನಾನೂ ಈ ದೇಶದೋಳೇ ಅಲ್ವಾ, ನನಗೆ ಹೊಳೀಬೇಕಿತ್ತು." ಅವಳು ಪುಸ್ತಕ ತೆರೆದಳು. "ಆದ್ರೆ ಎರಡು ಮನೆ ಮಾತ್ರ ಚೀಟಿ ಹೇಳಿದ ಹಾಗೇ ನಡ್ಕೊಂಡಿವೆ. ನೋಡಿ, ನೀವು ಪೂರ್ತಿ ಹಸಿರು. ನಿಮ್ಮ ಬಿಪಿ ಇಪ್ಪತ್ತು ಇಳಿದಿದೆ. ನಿಮ್ಮಣ್ಣ ಪೂರ್ತಿ ಕೆಂಪು. ಅವರದ್ದು ಏರಿದೆ."

ಸಿಕ್ಕಿಬಿದ್ದಳು! ಆರು ತಿಂಗಳು ಕೆಂಪು ತಿಂದವಳು ನಾನು. ಹಸಿರು ತಿಂದವನು ಅವನು. ಇವಳು ಪುಸ್ತಕದಲ್ಲಿ ಬರೆದದ್ದೆಲ್ಲ ಸುಳ್ಳು, ಚೀಟಿಗೆ ತಕ್ಕಂತೆ ಅಂಕಿ ಕಟ್ಟಿದ್ದಾಳೆ. ನಾಲ್ಕು ವರ್ಷದ ನನ್ನ ಅನುಮಾನ ಸುಳ್ಳಾಗಲಿಲ್ಲ.

"ಇಲ್ಲೇ ಕೂತಿರು, ಏಳಬೇಡ," ಎಂದು ಗದರಿಸಿ, ಸಾಕ್ಷಿಗೆ ಅಣ್ಣನನ್ನು ಕರೆತರಲು ಓಡಿದೆ.

ಅವನು ಚಾಪೆಯ ಮೇಲೆ ಕೂತು ಎಡಗೈಯಲ್ಲಿ ತೆಂಗಿನ ನಾರು ಹೊಸೆಯಲು ಒದ್ದಾಡುತ್ತಿದ್ದ. ಪುವಾ ಪಕ್ಕದಲ್ಲಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಉಪ್ಪು ಬದಲಾಯಿಸಿದ್ದು, ಆರು ತಿಂಗಳು ಮುಚ್ಚಿಟ್ಟದ್ದು, ಈಗ ಈ ಹುಡುಗಿಯ ಕಳ್ಳತನ ಬಯಲಾದದ್ದು. "ಏಳಣ್ಣ, ಬಾ. ಅವಳ ಮುಖಕ್ಕೆ ಹೊಡೆದ ಹಾಗೆ ಹೇಳು."

ಅವನು ನಾರು ಹೊಸೆಯುತ್ತಲೇ ಇದ್ದ.

"ಹೇಳಿ, ಈಗಲಾದ್ರೂ ಬಾಯಿ ಬಿಡಿ," ಎಂದಳು ಪುವಾ. "ನಾನು ಬಡ್ಕೊಂಡೆ, ಬೇಡ ಅಂತ."

"ಆ ಹುಡುಗಿ ಸುಳ್ಳು ಬರ್ದಿಲ್ಲ ಲಾಂಗಿ," ಎಂದ ಅಣ್ಣ. "ನೀನು ಸುರಿಯೋದನ್ನ ನಾನು ಮೇಲಿನ ತೋಟದಿಂದ ನೋಡ್ದೆ. ಬರೀ ಕಂಬದ ಮೇಲೆ ನಿಂತಿರೋ ನಮ್ಮ ಮನೆಗಳಿಗೆ ಗೋಡೆ ಎಲ್ಲಿದೆ? ಶನಿವಾರ ನೀನು ಹಾಡಕ್ಕೆ ಹೋದಾಗ ವಾಪಸ್ ನಿನ್ನ ಡಬ್ಬಕ್ಕೆ ಹಾಕಿದೆ. ಪ್ರತಿ ತಿಂಗಳೂ."

ನಾನು ಅಲ್ಲೇ ಕುಕ್ಕರಿಸಿದೆ.

"ಹಸಿರೇ ಒಳ್ಳೇದು ಅಂತ ನಿನಗೆ ಅನಿಸಿರಲಿಲ್ವಾ?"

"ಅನಿಸಿತ್ತು. ಅದಕ್ಕೇ ಹಾಕಿದೆ. ತಂಗಿ ಪಾಲಿಂದು ನಾನು ತಿನ್ನಲಾ?"

ನನಗೆ ಅವನನ್ನು ಹೊಡೆಯಬೇಕೆನಿಸಿತು, ಅಳಬೇಕೆನಿಸಿತು. ನಾಲ್ಕು ವರ್ಷ ಇಡೀ ಊರನ್ನು ಅನುಮಾನಿಸಿದೆ. ಪಾದ್ರಿಯನ್ನು, ಯಜಮಾನನನ್ನು, ಚೀಟಿಯನ್ನು, ಯಂತ್ರವನ್ನು. ಇವನೊಬ್ಬನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸ್ ಹೋಗಿ ಸೆನೆತಿಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪುಸ್ತಕ ಮುಚ್ಚಿ ಬದಿಗಿಟ್ಟಳು.

"ಆ ಉಪ್ಪು ತಿಂದಿದ್ರೆ ಅವನ ಕೈ ಉಳೀತಿತ್ತಾ?" ಎಂದು ಕೇಳಿದೆ.

"ಒಬ್ಬರನ್ನ ನೋಡಿ ಹೇಳೋಕಾಗಲ್ಲ ಅಮ್ಮ. ನೂರಾರು ಜನ ಬೇಕು."

ಈ ಸಲ ಅವಳ ಮಾತನ್ನು ನಂಬಿದೆ. ನಂಬಿದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ. ನನಗೆ ನೂರಾರು ಅಣ್ಣಂದಿರಿಲ್ಲ.

ಹೇಗೂ ಹಂಚಿಕೊಂಡೇ ತಿನ್ನುತ್ತೇವೆಂದು ಮುಂದಿನ ತಿಂಗಳಿಂದ ಊರಿಗೆಲ್ಲ ಹಸಿರು ಮುಚ್ಚಳದ ಉಪ್ಪೇ ಬಂತು. ಈಗ ನಾನು ದಿನಕ್ಕೆ ಎರಡು ಹೊತ್ತು ಅಣ್ಣನ ಮನೆಗೆ ಹೋಗುತ್ತೇನೆ. ಮಾತ್ರೆಯನ್ನು ಅವನ ಬಾಯಿಗೆ ಹಾಕಿ, ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸು ಎನ್ನುತ್ತೇನೆ. ನನ್ನ ಡಬ್ಬದ ಉಪ್ಪಿಗೆ ಬೆರಳಲ್ಲಿ ಗುರುತು ಮಾಡಿಟ್ಟಿದ್ದೇನೆ, ಶನಿವಾರ ಚರ್ಚಿನಿಂದ ಮರಳಿ ಬಂದು, ಮತ್ತೆ ಸುರಿದಿದ್ದಾನೋ ಎಂದು ನೋಡುತ್ತೇನೆ. ತಟ್ಟೆ ಖಾಲಿಯಾಗುವ ತನಕ ಅವನೆದುರೇ ಕೂತಿರುತ್ತೇನೆ.

"ಇನ್ನೂ ಅನುಮಾನವೇನೇ ನಿನಗೆ?" ಎಂದು ಎಡಗೈಯಲ್ಲಿ ಉಣ್ಣುತ್ತಾ ನಗುತ್ತಾನೆ.

"ನಿನ್ನ ಮೇಲೆ ಮಾತ್ರ," ಎನ್ನುತ್ತೇನೆ. "ಸುಮ್ಮನೆ ತಿನ್ನು."